ಟ್ರೇಲ್ ಕ್ಯಾಮೆರಾ ಎರಡನೇ ಸಲ ಬಿತ್ತು. ಕಡಿಮೆ ಖರ್ಚಲ್ಲಿ ಗಟ್ಟಿ ಸ್ಟ್ಯಾಂಡ್ ಮನೆಯಲ್ಲೇ ಮಾಡೋದು ಹೇಗೆ?

ಗೇರುಗುಡ್ಡೆ, ಫೋಂಡಾ:

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ಕಡೆಯವನು. ಹನ್ನೊಂದು ವರ್ಷದಿಂದ ಗೋವಾದ ಫೋಂಡಾದಲ್ಲಿದ್ದೇನೆ. ಮನೆ ಹಿಂದೆ ಅರ್ಧ ಎಕರೆ ಗುಡ್ಡ ಇದೆ. ಏಳು ಗೇರುಮರ, ಒಂದು ಮುದಿ ಮಾವು, ಹದಿನೈದು ಅಡಿಕೆ, ಕೆಳಗೆ ನನ್ನ ಹೆಂಡತಿ ಹಾಕಿದ ಗೆಣಸಿನ ಪಾತಿ. ಈ ಪಾತಿಯೇ ಈಗ ತಲೆನೋವು. ರಾತ್ರಿ ಹೊತ್ತು ಯಾವುದೋ ಪ್ರಾಣಿ ಬಂದು ಗೆಣಸು ಅಗೆದು ತಿಂದು ಹೋಗುತ್ತಿದೆ. ಪಕ್ಕದ ಮನೆಯವರು ಕಾಡುಹಂದಿ ಅಂತಾರೆ. ನನಗೆ ಮುಳ್ಳುಹಂದಿ ಮೇಲೆ ಅನುಮಾನ, ಯಾಕಂದ್ರೆ ಬೇಲಿ ಬುಡದಲ್ಲಿ ಒಂದು ಮುಳ್ಳು ಸಿಕ್ಕಿದೆ. ಹೆಂಡತಿ ಮಾತ್ರ "ಆ ಮುಳ್ಳು ನೀವೇ ಎಲ್ಲಿಂದಲೋ ತಂದಿದ್ದು" ಅಂತಾಳೆ.

ಜಗಳ ಮುಗಿಸೋಣ ಅಂತ 4,800 ರೂಪಾಯಿ ಕೊಟ್ಟು ಒಂದು ಟ್ರೇಲ್ ಕ್ಯಾಮೆರಾ ತರಿಸಿದೆ, ಎದುರು ಪ್ರಾಣಿ ಹಾದರೆ ತಾನೇ ಫೋಟೋ ತೆಗೆಯುವಂಥದ್ದು. ಪೆಟ್ಟಿಗೆಯಲ್ಲಿ ಒಂದು ಬಟ್ಟೆಯ ಪಟ್ಟಿ ಕೊಟ್ಟಿದ್ದರು. ಅದರಲ್ಲಿ ಪಾತಿ ಪಕ್ಕದ ಅಡಿಕೆಮರಕ್ಕೆ ಕಟ್ಟಿದೆ. ಬೆಳಗ್ಗೆ ನೋಡಿದರೆ ಜಾರಿ ಬುಡಕ್ಕೆ ಬಂದು ಕೂತಿತ್ತು, ನುಣುಪು ಮರ ಅಲ್ವಾ. ಕಾರ್ಡಿನಲ್ಲಿ 640 ಫೋಟೋ. ಒಂದರಲ್ಲೂ ಪ್ರಾಣಿ ಇಲ್ಲ! ಬರೀ ಸೋಗೆ, ಹುಲ್ಲು, ಕತ್ತಲೆ.

ಎರಡನೇ ಸಲ ಸ್ವಲ್ಪ ಬುದ್ಧಿ ಓಡಿಸಿದೆ. ಕಬ್ಬಿಣದ ಪಟ್ಟಿ ಬಗ್ಗಿಸಿ, ತೂತು ಕೊರೆದು, ಕ್ಯಾಮೆರಾದ ಕೆಳಗಿರುವ ಟ್ರೈಪಾಡ್ ತೂತಿಗೆ ಅಂಗಡಿಯಿಂದ ತಂದ ಬೋಲ್ಟ್ ಹಾಕಿದೆ. ಸ್ವಲ್ಪ ಲೂಸ್ ಇತ್ತು, ಆದರೂ ಒತ್ತಿ ತಿರುಗಿಸಿದೆ. ಎರಡು ದಿನ ನಿಂತಿತು. ಮೂರನೇ ದಿನ ಕ್ಯಾಮೆರಾ ಕೆಸರಲ್ಲಿ ಮುಖ ಕೆಳಗೆ ಮಾಡಿ ಮಲಗಿತ್ತು.

ರೆಡಿ ಸಿಗುವ ಲೋಹದ ಸ್ಟ್ಯಾಂಡ್ ನೋಡಿದೆ, 1,900 ರೂಪಾಯಿ. ಗೆಣಸು ನೋಡಲು ಅಷ್ಟು ಖರ್ಚು ಮಾಡುತ್ತೇನೆ ಅಂದರೆ ಮನೆಯಲ್ಲಿ ನನ್ನನ್ನೇ ಹೊರಗೆ ಹಾಕುತ್ತಾರೆ. 200 ರೂಪಾಯಿ ಒಳಗೆ ಏನಾದರೂ ಆಗುತ್ತದಾ? ಇಲ್ಲಿನ ಮಳೆ ಗೊತ್ತಲ್ಲ, ಅದನ್ನೂ ತಡೆಯಬೇಕು.


ಕಟ್ಟಾ ಧಾರವಾಡಿ, ಪುಣೆ:

ಸುಮ್ನೆ ತಲೆ ಕೆಡಿಸಿಕೊಳ್ಳಬೇಡ್ರಿ. ಹಳೇ ಮೊಬೈಲ್ ಟ್ರೈಪಾಡ್ ಇದ್ದರೆ ಅದರ ತಲೆ ಬಿಚ್ಚಿರಿ. ಗುಂಡಗೆ ತಿರುಗುತ್ತದಲ್ಲ, ಆ ಬಾಲ್ ಹೆಡ್. ಅದರ ಮೇಲೆ ಕ್ಯಾಮೆರಾಕ್ಕೆ ಸರಿಹೊಂದುವ ಸ್ಕ್ರೂ ಇದ್ದೇ ಇರುತ್ತದೆ. ಅದನ್ನ ಒಂದು ಹಲಗೆಗೆ ಕೂಡಿಸಿ, ಹಲಗೆಯನ್ನ ಮರಕ್ಕೆ ಕಟ್ಟಿರಿ. ಬೇಕಾದ ಕಡೆ ತಿರುಗಿಸಬಹುದು. ನನಗೆ ಇಲ್ಲಿ ಜುನಾ ಬಜಾರ್‌ನಲ್ಲಿ ಒಂದು ಭಾನುವಾರ 60 ರೂಪಾಯಿಗೆ ಸಿಕ್ಕಿತ್ತು. ಬುಧವಾರವೂ ಸಂತೆ ಇರುತ್ತದೆ, ಆದರೆ ಭಾನುವಾರ ಮಾಲು ಜಾಸ್ತಿ.

ಇನ್ನೊಂದು ಮಾತು. ನಿಮ್ಮ ಜಾಗದಲ್ಲಿ ಏನು ಬೇಕಾದರೂ ಮಾಡ್ರಿ, ಆದರೆ ಬೋಂಡ್ಲಾ ಕಾಡು ಹತ್ತಿರ ಇದೆ ಅಂತ ಅಲ್ಲಿ ಹೋಗಿ ಕ್ಯಾಮೆರಾ ಕಟ್ಟಬೇಡ್ರಿ. ಅದು 8 ಚದರ ಕಿಲೋಮೀಟರಿನ ಸಣ್ಣ ಅಭಯಾರಣ್ಯ. ಸಣ್ಣದಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೂ ಅಷ್ಟೇ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಅಲ್ಲಿ ಏನೂ ಇಡುವಂತಿಲ್ಲ. ಮತ್ತೆ ಮುಳ್ಳುಹಂದಿ ಅಂತ ಖಾತ್ರಿಯಾದ ಮೇಲೆ ಯಾರಾದರೂ ಉರುಳು ಹಾಕೋಣ ಅಂದರೆ ಬೇಡ ಅನ್ರಿ.


ಫಿಟ್ಟರ್ ಮಾಮ, ಡೊಂಬಿವಲಿ:

ಫೋಂಡಾದ ತಮ್ಮಾ, ನಿನ್ನ ಕ್ಯಾಮೆರಾ ಬಿದ್ದದ್ದು ಸ್ಟ್ಯಾಂಡಿನಿಂದ ಅಲ್ಲ, ಬೋಲ್ಟಿನಿಂದ. "ಸ್ವಲ್ಪ ಲೂಸ್ ಇತ್ತು, ಆದರೂ ಒತ್ತಿ ತಿರುಗಿಸಿದೆ" ಅಂತ ನೀನೇ ಬರೆದಿದ್ದೀಯಲ್ಲ ಮಾರಾಯ. ನಾನು 31 ವರ್ಷ ಮಷಿನ್ ಶಾಪಿನಲ್ಲಿ ದುಡಿದವನು. ಆ ಒಂದು ವಾಕ್ಯ ಓದಿದಾಗಲೇ ಕೈ ನೆತ್ತಿಗೆ ಹೋಯಿತು.

ಅಂಗಡಿಯವನು ನಿನಗೆ ಕೊಟ್ಟದ್ದು 6 ಎಂಎಂ ಬೋಲ್ಟ್. ಕ್ಯಾಮೆರಾದ ತೂತು ಕಾಲು ಇಂಚಿನದು. ಯಾವ ದೇಶದಲ್ಲಿ ಮಾಡಿದ ಕ್ಯಾಮೆರಾ ಆದರೂ ಟ್ರೈಪಾಡ್ ತೂತು ಸಾಮಾನ್ಯವಾಗಿ ಅದೇ, ಕಾಲು ಇಂಚು, ಒಂದು ಇಂಚಿಗೆ 20 ಎಳೆ (ಬೋಲ್ಟಿನ ಮೈಮೇಲಿನ ಸುರುಳಿ ಗೆರೆ). ಕಾಲು ಇಂಚು ಅಂದರೆ 6.35 ಎಂಎಂ. ನೋಡಲು ಎರಡೂ ಒಂದೇ ಥರ. ಆದರೆ 6 ಎಂಎಂ ಬೋಲ್ಟಿನ ಎಳೆಗಳ ನಡುವಿನ ಅಂತರ 1 ಎಂಎಂ, ಇದರದ್ದು 1.27. ಹಾಗಾಗಿ 6 ಎಂಎಂ ಒಳಗೆ ಹೋಗುತ್ತದೆ, ಒಂದೆರಡು ಸುತ್ತು ಕಚ್ಚಿದ ಹಾಗೂ ಮಾಡುತ್ತದೆ, ಆದರೆ ತುದಿಯಲ್ಲಷ್ಟೇ ಹಿಡಿದಿರುತ್ತದೆ. ಗಾಳಿಗೆ ಎರಡು ದಿನ ಅಲ್ಲಾಡಿದರೆ ಮುಗಿಯಿತು.

ಇಲ್ಲಿ ಮುಂಬೈ ಕಡೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ದೋನ್ ಸೂತ್ ಬೋಲ್ಟ್" ಅಂತ ಕೇಳಬೇಕು. ಒಂದು ಸೂತ್ ಅಂದರೆ ಇಂಚಿನ ಎಂಟನೇ ಒಂದು ಪಾಲು, ಎರಡು ಸೂತ್ ಅಂದರೆ ಕಾಲು ಇಂಚು. ನಾನು ಮೊದಲು ಊರಿಂದ ಬಂದಾಗ ಸೂತ್ ಅಂದರೆ ನೂಲು ಅಂದುಕೊಂಡಿದ್ದೆ. ನಾಗದೇವಿ ಸ್ಟ್ರೀಟಿನ ಅಂಗಡಿಯಲ್ಲಿ ಎಲ್ಲರೂ ನಕ್ಕಿದ್ದರು. ನಿಮ್ಮಲ್ಲಿ ಕಾಲು ಇಂಚು ಅಂದರೂ ತಿಳಿಯುತ್ತದೆ. ಅಲ್ಲಿ ವಿಟ್‌ವರ್ತ್ ಎಂಬ ಹಳೇ ಬ್ರಿಟಿಷ್ ಅಳತೆಯ ಎಳೆಯ ಬೋಲ್ಟ್ ಕೊಟ್ಟರೂ ತೊಂದರೆ ಇಲ್ಲ. ಅದಕ್ಕೂ ಇಂಚಿಗೆ 20 ಎಳೆಯೇ. ಎಳೆಯ ಕೋನ ಮಾತ್ರ ಸ್ವಲ್ಪ ಬೇರೆ, ಇಷ್ಟು ಹಗುರದ ಕ್ಯಾಮೆರಾಕ್ಕೆ ಅದು ಲೆಕ್ಕಕ್ಕಿಲ್ಲ. ಬಾಯಿಮಾತು ನಂಬಬೇಡ, ಕ್ಯಾಮೆರಾವನ್ನೇ ಅಂಗಡಿಗೆ ತೆಗೆದುಕೊಂಡು ಹೋಗು. ಬೋಲ್ಟನ್ನು ಬೆರಳಲ್ಲೇ ತಿರುಗಿಸು, ಸ್ಪ್ಯಾನರ್ ಮುಟ್ಟಬೇಡ. ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು, ಹೋದ ಮೇಲೆ ಆಚೀಚೆ ಅಲ್ಲಾಡಬಾರದು. ಅಲ್ಲಾಡಿದರೆ ವಾಪಸ್ ಕೊಡು.

ಆ ತೂತು ಆಳವೇನಿಲ್ಲ, ಸುಮಾರು 5 ಎಂಎಂ. ಉದ್ದ ಬೋಲ್ಟ್ ಹಾಕಿ ಕೊನೆತನಕ ಬಿಗಿದರೆ ಒಳಗಿನ ಪ್ಲಾಸ್ಟಿಕ್ ಸೀಳುತ್ತದೆ, ಆ ಸೀಳಿನಲ್ಲೇ ನೀರು ನುಗ್ಗುತ್ತದೆ.

ಈಗ ಸ್ಟ್ಯಾಂಡ್. ಗೋಡೆಗೆ ಹಲಗೆ ಕೂರಿಸಲು ಹಾಕುತ್ತಾರಲ್ಲ, ಆ ಎಲ್ ಬ್ರಾಕೆಟ್ ತಗೋ. ತಗಡಿನಂಥದ್ದು ಬೇಡ, 3 ಎಂಎಂ ದಪ್ಪದ್ದು. ನಾನು ತಂದದ್ದು 35 ರೂಪಾಯಿ. ಅಡ್ಡ ಕೈಯಲ್ಲಿರುವ ತೂತನ್ನು ಆರೂವರೆ ಎಂಎಂ ಡ್ರಿಲ್ಲಿನಿಂದ ದೊಡ್ಡದು ಮಾಡು. ಒಂದು ಇಂಚಿನ ಬೋಲ್ಟನ್ನು ಕೆಳಗಿನಿಂದ ಮೇಲಕ್ಕೆ ತೂರಿಸು. ತಲೆಯ ಹತ್ತಿರ ವಾಷರ್, ಮೇಲೆ ಒಂದು ನಟ್. ಇದನ್ನು ಜೀವ ಹೋಗುವ ಹಾಗೆ ಬಿಗಿ. ಅದರ ಮೇಲೆ ಒಂದು ರೆಕ್ಕೆ ನಟ್ (ಎರಡು ಕಿವಿ ಇರುವ, ಬೆರಳಲ್ಲೇ ತಿರುಗಿಸುವ ನಟ್) ಹಾಕು, ಆದರೆ ಬಿಗಿಯಬೇಡ, ಕೆಳಗೇ ಬಿಡು. ಆಮೇಲೆ ಕ್ಯಾಮೆರಾವನ್ನು ಮೇಲಿನಿಂದ ಬೋಲ್ಟಿಗೆ ನಾಲ್ಕು ಸುತ್ತು ತಿರುಗಿಸು. ಮುಖ ಬೇಕಾದ ಕಡೆ ಬಂತಾ, ಅಲ್ಲೇ ನಿಲ್ಲಿಸಿ ರೆಕ್ಕೆ ನಟ್ಟನ್ನು ಮೇಲಕ್ಕೆ ತಂದು ಕ್ಯಾಮೆರಾದ ತಳಕ್ಕೆ ಒತ್ತಿಸು. ಬೆರಳ ಬಿಗಿ ಸಾಕು. ಇನ್ನು ಅದು ಮಿಸುಕುವುದಿಲ್ಲ. ಈ ರೆಕ್ಕೆ ನಟ್ ಹಾಕದೆ ಬಿಟ್ಟ ಒಂದು ವಾರದಲ್ಲಿ ಕರ್ಜತ್‌ನಲ್ಲಿ ನನ್ನ ಅಳಿಯನ ಜಾಗದಲ್ಲಿ ಮಂಗಗಳು ಕ್ಯಾಮೆರಾವನ್ನು ತಿರುಗಿಸಿ ಮರದ ಕಡೆಗೆ ಮುಖ ಮಾಡಿ ಇಟ್ಟು ಹೋಗಿದ್ದವು. ತೊಗಟೆಯ ಫೋಟೋ ಬಹಳ ಚೆನ್ನಾಗಿ ಬಂದಿತ್ತು.

ಬ್ರಾಕೆಟ್ಟಿನ ನೆಟ್ಟಗಿನ ಕೈ ಮರಕ್ಕೆ ಬರಬೇಕು. ಮೊಳೆ ಹೊಡೆಯಬೇಡ, ಮರಕ್ಕೂ ಗಾಯ, ಆಮೇಲೆ ಗರಗಸ ಇಡುವವನಿಗೂ ಕಷ್ಟ. ಪಂಕ್ಚರ್ ಅಂಗಡಿಯಲ್ಲಿ ಹಳೇ ಸೈಕಲ್ ಟ್ಯೂಬ್ ಕೇಳು, ದುಡ್ಡು ತಗೊಳ್ಳೋದಿಲ್ಲ. ಒಂದು ಇಂಚು ಅಗಲಕ್ಕೆ ಉದ್ದಕ್ಕೆ ಸೀಳು. ಎಳೆದೆಳೆದು ಮೇಲೆ ಮೂರು ಸುತ್ತು, ಕೆಳಗೆ ಮೂರು ಸುತ್ತು. ರಬ್ಬರ್ ಆದ್ದರಿಂದ ಜಾರುವುದಿಲ್ಲ, ಮರ ದಪ್ಪ ಆದಂತೆ ತಾನೂ ಹಿಗ್ಗುತ್ತದೆ. ಬಿಸಿಲಿಗೆ ವರ್ಷಕ್ಕೊಮ್ಮೆ ಒಡೆಯುತ್ತದೆ, ಬದಲಾಯಿಸಬೇಕು ಅಷ್ಟೇ. ಪೈಪಿಗೆ ಬಿಗಿಯುವ ಲೋಹದ ಹೋಸ್ ಕ್ಲಿಪ್ ಎರಡನ್ನು ಒಂದಕ್ಕೊಂದು ಪೋಣಿಸಿ ಹಾಕುವವರೂ ಇದ್ದಾರೆ. ಕಂಬಕ್ಕೆ ಅದು ಒಳ್ಳೆಯದು, ಜೀವಂತ ಮರಕ್ಕೆ ಕೊರೆಯುತ್ತದೆ.

ಬ್ರಾಕೆಟ್ಟಿಗೂ ಮರಕ್ಕೂ ನಡುವೆ ಹಳೇ ಹವಾಯಿ ಚಪ್ಪಲಿಯ ತುಂಡು ಇಡು. ಇದು ನನ್ನ ಸ್ವಂತ ಪೇಟೆಂಟ್. ತೊಗಟೆಯ ಉಬ್ಬು ತಗ್ಗಿಗೆ ಅದು ಹೊಂದಿಕೊಳ್ಳುತ್ತದೆ, ಕಬ್ಬಿಣ ಕಚ್ಚುವುದಿಲ್ಲ. ಕ್ಯಾಮೆರಾ ಸ್ವಲ್ಪ ಕೆಳಗೆ ಬಾಗಬೇಕಾ? ಮೇಲಿನ ತುದಿಯ ಹಿಂದೆ ಇನ್ನೊಂದು ತುಂಡು ತುರುಕು. ಹಿಮ್ಮಡಿ ಕಡೆಯ ತುಂಡು ದಪ್ಪ, ಬೆರಳು ಕಡೆಯದು ತೆಳು, ಒಂದೇ ಚಪ್ಪಲಿಯಲ್ಲಿ ಎರಡು ಅಳತೆಯ ಬೆಣೆ ಸಿಕ್ಕಿತು. ಬ್ರಾಕೆಟ್ 35, ಬೋಲ್ಟ್ ನಟ್ ವಾಷರ್ 12. ಒಟ್ಟು 47 ರೂಪಾಯಿ.

ಪುಣೆಯವರ ಬಾಲ್ ಹೆಡ್ ಬಗ್ಗೆ: ನಾನೂ ಹಾಕಿ ನೋಡಿದ್ದೇನೆ. ಮೊಬೈಲ್ ಟ್ರೈಪಾಡಿನದು ಪ್ಲಾಸ್ಟಿಕ್. ಎಂಟು ಸೆಲ್ ತುಂಬಿದ ಕ್ಯಾಮೆರಾದ ಭಾರಕ್ಕೆ ಮೊದಲ ವಾರ ತಲೆ ಎತ್ತಿ ನಿಲ್ಲುತ್ತದೆ, ಏಪ್ರಿಲ್ ಬಿಸಿಲು ಬಂದರೆ ತಲೆ ತಗ್ಗಿಸುತ್ತದೆ. ಲೋಹದ್ದಾದರೆ ಸರಿ.

ಕೊನೆಗೆ ಆ 640 ಫೋಟೋ. ಅದು ಅಡಿಕೆಮರದ ಕೆಲಸ. ಕ್ಯಾಮೆರಾದ ಒಳಗಿನ ಸೆನ್ಸರ್ ನೋಡುವುದು ಬಿಸಿಯನ್ನು. ಸುತ್ತಲಿಗಿಂತ ಬೇರೆ ಬಿಸಿಯ ಮೈ ಎದುರಿಂದ ಅಡ್ಡ ಹಾದರೆ ಕ್ಲಿಕ್. ಮರವೇ ತೂಗಿದರೆ ಬಿಸಿಲಿಗೆ ಕಾದ ಕಲ್ಲು, ತಣ್ಣಗಿನ ಎಲೆ ಎಲ್ಲ ಅದರ ಎದುರು ಓಡಾಡಿದ ಹಾಗೆ. ನಾನು ಮೊದಲ ಸಲ ಬಿದಿರು ಮೆಳೆಗೆ ಕಟ್ಟಿ ಒಂದೇ ದಿನಕ್ಕೆ 1,100 ಫೋಟೋ ತೆಗೆಸಿದವನು, ನಿನ್ನನ್ನು ನಗುವ ಅಧಿಕಾರ ನನಗಿಲ್ಲ. ಆ ಮುದಿ ಮಾವು ಇದೆಯಲ್ಲ, ಅದಕ್ಕೇ ಕಟ್ಟು. ತಬ್ಬಿದರೆ ಕೈಗೆ ಸಿಗದಷ್ಟು ದಪ್ಪ ಇದ್ದರೆ ಇನ್ನೂ ಒಳ್ಳೆಯದು. ಮುಖ ಉತ್ತರಕ್ಕಿರಲಿ. ಪೂರ್ವ ಪಶ್ಚಿಮಕ್ಕೆ ಇಟ್ಟರೆ ಬೆಳಗ್ಗೆ ಸಂಜೆ ಸೂರ್ಯನೇ ನಿನ್ನ ಮುಳ್ಳುಹಂದಿ. ಎತ್ತರ ಮೊಣಕಾಲಿಗಿಂತ ಮೇಲೆ ಬೇಡ.


ಗೇರುಗುಡ್ಡೆ, ಫೋಂಡಾ:

ಮಾಮ, ಈಗಷ್ಟೇ ಬೋಲ್ಟ್ ಅಳೆದೆ. 6 ಎಂಎಂ! ಮಾವಿನ ಮರ ಪಾತಿಯಿಂದ ದೂರ ಇದೆ, ಹನ್ನೆರಡು ಹೆಜ್ಜೆ. ಅಷ್ಟು ದೂರದಿಂದ ರಾತ್ರಿ ಕಾಣುತ್ತದಾ? ಪಾತಿ ಹತ್ತಿರ ಇರುವುದು ಚಿರೆಕಲ್ಲಿನ ಕಾಂಪೌಂಡ್ ಗೋಡೆ ಮಾತ್ರ, ಸೊಂಟದೆತ್ತರ. ಮತ್ತೆ ನನ್ನ ಕ್ಯಾಮೆರಾದ ತೂತಿನ ಎಳೆ ಸ್ವಲ್ಪ ತಿಂದುಹೋಗಿದೆ. ಸರಿಯಾದ ಬೋಲ್ಟ್ ಹಾಕಿದರೂ ಮೂರನೇ ಸುತ್ತಿಗೆ ಗರಗರ ಅನ್ನಬಹುದಾ ಅಂತ ಭಯ.


ಹಾಳೆಟೊಪ್ಪಿ, ಮಡಗಾಂವ್:

ಮಳೆ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅಂಗಳದಲ್ಲಿ ಹದಿನೈದು ಅಡಿಕೆಮರ ಇಟ್ಟುಕೊಂಡು ಮಳೆಗೆ ಏನು ಮಾಡಲಿ ಅಂತ ಕೇಳುತ್ತೀರಲ್ಲ! ಬಿದ್ದ ಅಡಿಕೆ ಹಾಳೆ (ಸೋಗೆಯ ಬುಡದ ಅಗಲ ಭಾಗ) ಒಂದನ್ನು ತಗೊಳ್ಳಿ. ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಕ್ಯಾಮೆರಾದ ಮೇಲೆ ಕಮಾನಿನ ಹಾಗೆ ಬಗ್ಗಿಸಿ, ಎರಡೂ ಬದಿ ಟ್ಯೂಬಿನ ಪಟ್ಟಿಯಲ್ಲೇ ಸೇರಿಸಿ ಕಟ್ಟಿ. ಒಣಗಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಮರದ ಬಣ್ಣಕ್ಕೆ ಹೊಂದಿಕೊಳ್ಳುತ್ತದೆ, ದಾರಿಹೋಕರ ಕಣ್ಣಿಗೂ ಬೀಳುವುದಿಲ್ಲ. ಜೋರು ಮಳೆಯಲ್ಲಿ ಒಂದೂವರೆ ತಿಂಗಳಿಗೆ ಬೂಸ್ಟು ಬಂದು ಮೆತ್ತಗಾಗುತ್ತದೆ. ಇನ್ನೊಂದು ಹಾಳೆ ಅಷ್ಟರಲ್ಲಿ ಬಿದ್ದಿರುತ್ತದೆ.

ಒಂದೇ ಎಚ್ಚರ. ಹಾಳೆಯ ಅಂಚು ಕ್ಯಾಮೆರಾದ ಮುಖಕ್ಕಿಂತ ಮುಂದೆ ಚಾಚಬಾರದು. ನಾನು ಮಳೆ ಹನಿ ಬೀಳದಿರಲಿ ಅಂತ ನಾಲ್ಕು ಬೆರಳು ಮುಂದೆ ಬಿಟ್ಟಿದ್ದೆ. ರಾತ್ರಿಯ ಫೋಟೋ ಪೂರ್ತಿ ಹಾಲು ಚೆಲ್ಲಿದ ಹಾಗೆ ಬಂತು. ಇನ್‌ಫ್ರಾರೆಡ್ ಬೆಳಕು, ಅಂದರೆ ರಾತ್ರಿ ಫೋಟೋಗೆ ಕ್ಯಾಮೆರಾ ಬಿಡುವ ಕಣ್ಣಿಗೆ ಕಾಣದ ಬೆಳಕು, ಮೊದಲು ಹಾಳೆಗೆ ಬಡಿದು ವಾಪಸ್ ಬರುತ್ತದೆ, ಹಿಂದಿದ್ದ ಪ್ರಾಣಿ ಕತ್ತಲಲ್ಲೇ ಉಳಿಯುತ್ತದೆ. ಎದುರಿಗಿರುವ ಹುಲ್ಲು, ಕೆಸುವಿನ ಎಲೆಗೂ ಇದೇ ಮಾತು. ಎದುರು ಮೂರು ಅಡಿ ಕತ್ತಿಯಲ್ಲಿ ಸವರಿಬಿಡಿ.

ಮಾವಿನ ಮರ ಅಂತೀರಿ, ಚಗಳಿ ಇರುವೆ ಇದೆಯಾ ನೋಡಿಕೊಳ್ಳಿ. ನನ್ನ ಕ್ಯಾಮೆರಾದ ಹಿಂದಿನ ಸಂದಿಯಲ್ಲಿ ಎಲೆ ಹೊಲಿದು ಗೂಡು ಶುರು ಮಾಡಿದ್ದವು. ಕಾರ್ಡ್ ತೆಗೆಯಲು ಹೋಗಿ ಮೊಣಕೈವರೆಗೆ ಕಚ್ಚಿಸಿಕೊಂಡೆ. ಬ್ರಾಕೆಟ್ಟಿಗೆ ವ್ಯಾಸಲೀನ್ ದಪ್ಪಗೆ ಸವರಿದರೆ ಕೆಲವು ದಿನ ತಡೆಯುತ್ತದೆ. ಚಟ್ನಿ ಮಾಡುವವರಾದರೆ ಬೇರೆ ಮಾತು.


ಫಿಟ್ಟರ್ ಮಾಮ, ಡೊಂಬಿವಲಿ:

ಹಾಳೆಯ ಉಪಾಯ ಚೆನ್ನಾಗಿದೆ. ನಾನು ನಾಲ್ಕು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಹಾಕುತ್ತಿದ್ದೆ, ಡೊಂಬಿವಲಿಯಲ್ಲಿ ಹಾಳೆ ಎಲ್ಲಿಂದ ತರಲಿ.

ತಮ್ಮಾ, ಹನ್ನೆರಡು ಹೆಜ್ಜೆ ಜಾಸ್ತಿಯಾಯಿತು. ಮೂರು ನಾಲ್ಕು ಮೀಟರ್ ಇದ್ದರೆ ಮುಳ್ಳು ಎಣಿಸಬಹುದು. ಗೋಡೆ ಬೇಡ, ಚಿರೆಕಲ್ಲಿನ ಅಂಚಿಗೆ ಮೊಳೆ ಹೊಡೆದರೆ ಉದುರುತ್ತದೆ, ಮೇಲಾಗಿ ಸೊಂಟದೆತ್ತರದಿಂದ ಪ್ರಾಣಿಯ ಬೆನ್ನಷ್ಟೇ ಕಾಣುತ್ತದೆ. ಕಂಬ ನೆಡು. ಒಂದೂವರೆ ಇಂಚಿನ ಪಿವಿಸಿ ಪೈಪ್ ಮೂರೂವರೆ ಅಡಿ, ಒಂದು ಮುಚ್ಚಳ. ಯಾವುದಾದರೂ ಮನೆ ಕಟ್ಟುವ ಕಡೆ ಒಂದು ತುಂಡು ಸರಳು, ಎರಡು ಬೊಗಸೆ ಸಿಮೆಂಟ್ ಕೇಳು. ಪೈಪಿನೊಳಗೆ ಸರಳು ನಿಲ್ಲಿಸಿ ಸಿಮೆಂಟ್ ಮರಳು ಕಲಸಿ ಸುರಿ. ಮೇಲೆ ನಾಲ್ಕು ಬೆರಳು ಖಾಲಿ ಬಿಡು. ಬರೀ ಪೈಪ್ ನೆಟ್ಟರೆ ಅದೂ ಅಡಿಕೆಮರದ ತಮ್ಮನೇ, ತೂಗುತ್ತದೆ. ಒಂದೂವರೆ ಅಡಿ ಮಣ್ಣೊಳಗೆ ಹೋಗಲಿ. ಮುಚ್ಚಳಕ್ಕೆ ನಡುವೆ ತೂತು ಕೊರೆದು ಬೋಲ್ಟನ್ನು ಒಳಗಿನಿಂದ ಹೊರಕ್ಕೆ ತೂರಿಸಿ ನಟ್ ಬಿಗಿ, ಒಳಗೆ ತಲೆಯ ಸುತ್ತ ಎಂಸೀಲ್ ಮೆತ್ತು. ಮೇಲೆ ಅದೇ ರೆಕ್ಕೆ ನಟ್. ಮುಚ್ಚಳವನ್ನು ಪೈಪಿಗೆ ಅಂಟಿಸಬೇಡ, ಒಂದು ಸಣ್ಣ ಸ್ಕ್ರೂ ಹಾಕು. ನಾಳೆ ಜಾಗ ಬದಲಾಯಿಸಬೇಕು ಅಂದರೆ ಮುಚ್ಚಳ ಸಮೇತ ತಗೊಂಡು ಹೋಗಬಹುದು.

ಎಳೆ ತಿಂದುಹೋದದ್ದಕ್ಕೆ: ಮೊದಲು ಬೆರಳಲ್ಲಿ ಹಾಕಿ ನೋಡು. ನಾಲ್ಕು ಸುತ್ತು ಹಿಡಿದರೆ ಚಿಂತೆ ಬೇಡ. ಹಿಡಿಯದಿದ್ದರೆ ಅದನ್ನು ಮರೆತುಬಿಡು, ಅಂಟು ಗಿಂಟು ಸುರಿಯಬೇಡ. ಕ್ಯಾಮೆರಾದ ಬೆನ್ನಿನಲ್ಲಿ ಪಟ್ಟಿ ತೂರಿಸುವ ಕಿಂಡಿ ಇದೆಯಲ್ಲ, ಅದರಲ್ಲಿ ಟ್ಯೂಬ್ ಪಟ್ಟಿ ಹಾಕಿ ಕಂಬಕ್ಕೇ ಬಿಗಿ. ನಡುವೆ ಚಪ್ಪಲಿ.


ಕಟ್ಟಾ ಧಾರವಾಡಿ, ಪುಣೆ:

ನನ್ನ ಬಾಲ್ ಹೆಡ್ ಮೂರು ಬೇಸಿಗೆ ನೋಡಿದೆ ಮಾಮಾ, ತಲೆ ತಗ್ಗಿಸಿಲ್ಲ. ಇರಲಿ, ಲೋಹದ್ದೇ ಇರಬೇಕು. ಜುನ್ನರ್ ಕಡೆ ಗೆಳೆಯರೊಬ್ಬರ ಕಬ್ಬಿನ ಹೊಲದ ಬದುವಿನಲ್ಲಿ ನಾವೂ ಕಂಬವನ್ನೇ ನೆಟ್ಟಿದ್ದೆವು. ಅಲ್ಲಿ ಚಿರತೆ ಓಡಾಟ. ದಾರಿಯ ಆಚೆ ಒಂದು, ಈಚೆ ಒಂದು. ಚಿರತೆಯ ಎಡಮೈ ಚುಕ್ಕೆಯೇ ಬೇರೆ, ಬಲಮೈಯದೇ ಬೇರೆ, ಎರಡೂ ಸಿಕ್ಕರೆ ಮಾತ್ರ ಅದೇ ಚಿರತೆ ಮತ್ತೆ ಬಂತೋ ಬೇರೆಯದೋ ಹೇಳಬಹುದು. ಎರಡು ಕಂಬವನ್ನ ನೇರ ಎದುರುಬದುರು ನೆಡಬಾರದು ರೀ, ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಹೊಡೆಯುತ್ತದೆ. ಒಂದು ಹೆಜ್ಜೆ ಓರೆ ಮಾಡಬೇಕು. ನಿಮ್ಮ ಮುಳ್ಳುಹಂದಿಗೆ ಒಂದೇ ಸಾಕು ಬಿಡ್ರಿ. ಕಳ್ಳರ ಭಯ ಇದ್ದರೆ ಒಂದು ಸೈಕಲ್ ಚೈನ್ ಬೀಗ ಹಾಕ್ರಿ.


ಗೇರುಗುಡ್ಡೆ, ಫೋಂಡಾ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಕಂಬ ನೆಟ್ಟೆ. ಪೈಪು, ಮುಚ್ಚಳ, ಬೋಲ್ಟ್, ಎಂಸೀಲ್ ಸೇರಿ 168 ರೂಪಾಯಿ ಆಯಿತು. ತೂತಿನ ಎಳೆ ಪುಣ್ಯಕ್ಕೆ ಮೂರೂವರೆ ಸುತ್ತು ಹಿಡಿಯಿತು. ಆದರೂ ಧೈರ್ಯ ಸಾಲದೆ ಬೆನ್ನಿಗೆ ಟ್ಯೂಬ್ ಪಟ್ಟಿಯನ್ನೂ ಸುತ್ತಿದ್ದೇನೆ. ಮೇಲೆ ಹಾಳೆ. ಕಂಬ ಜಗ್ಗಿ ನೋಡಿದೆ, ನಾನು ಅಲ್ಲಾಡಿದೆ, ಅದು ಅಲ್ಲಾಡಲಿಲ್ಲ.

ಮೊದಲ ವಾರ ಪಕ್ಕದ ಮನೆ ನಾಯಿ, ಒಂದು ಮುಂಗುಸಿ, ಬೆಳಗ್ಗೆ 5:40ಕ್ಕೆ ಮಲ್ಲಿಗೆ ಕೊಯ್ಯಲು ಬಂದ ನನ್ನ ಹೆಂಡತಿ. ಆ ಫೋಟೋ ಅಳಿಸಿದ ಮೇಲೆಯೇ ಊಟ ಸಿಕ್ಕಿದ್ದು. ಒಂಬತ್ತನೇ ರಾತ್ರಿ 2:17ಕ್ಕೆ ಫೋಟೋದ ಬಲ ಅಂಚಿನಲ್ಲಿ ಒಂದು ಹಿಡಿ ಮುಳ್ಳು. ಅಷ್ಟೇ! ಮೈ ಇಲ್ಲ, ತಲೆ ಇಲ್ಲ. ಕ್ಲಿಕ್ ಆಗುವಷ್ಟರಲ್ಲಿ ಅದು ದಾಟಿ ಹೋಗಿತ್ತು. ಬೇಲಿಯ ತೂತಿನಿಂದ ಪಾತಿಗೆ ಬರುವ ದಾರಿಗೆ ಸರಿಯಾಗಿ ಅಡ್ಡ ಇಟ್ಟಿದ್ದೆ, ಅದೇ ತಪ್ಪು. ರೆಕ್ಕೆ ನಟ್ ಸಡಿಲಿಸಿ ದಾರಿಗೆ ಓರೆಯಾಗಿ ತಿರುಗಿಸಿದೆ, ಹಾಗಾಗಿ ಪ್ರಾಣಿ ಫ್ರೇಮಿನಲ್ಲಿ ಜಾಸ್ತಿ ಹೊತ್ತು ಇರುತ್ತದೆ. ನಾಲ್ಕು ದಿನ ಬಿಟ್ಟು ಬಂತು ನೋಡಿ, ಪೂರ್ತಿ ಮೈ. ಒಂದಲ್ಲ, ಎರಡು. ಹಿಂದಿನದು ಬಾಯಲ್ಲಿ ಗೆಣಸು ಕಚ್ಚಿಕೊಂಡಿದೆ. ಬೇಲಿ ತೂತಿಗೆ ಈಗ ಚಿರೆಕಲ್ಲು ಇಟ್ಟಿದ್ದೇನೆ. ಪಕ್ಕದ ಮನೆಯವರಿಗೆ ತೋರಿಸಿದರೆ "ಇದು ಬೇರೆ, ನಿಮ್ಮ ಗೆಣಸು ತಿಂದದ್ದು ಹಂದಿಯೇ" ಅಂದರು.

ಮಾಮ, ಒಂದು ವಿಷಯ. ಕಂಬಕ್ಕೂ ಕ್ಯಾಮೆರಾಕ್ಕೂ ನಡುವೆ ಇಟ್ಟದ್ದು ನನ್ನ ಹಳೇ ಹವಾಯಿ ಅಂದುಕೊಂಡಿದ್ದೆ. ಕತ್ತಲಲ್ಲಿ ಹಿತ್ತಲಿನ ಬಾಗಿಲ ಹತ್ತಿರ ಕೈಗೆ ಸಿಕ್ಕಿದ್ದನ್ನು ಕತ್ತರಿಸಿದೆ. ಅದು ಅತ್ತೆ ಅದರ ಹಿಂದಿನ ವಾರವಷ್ಟೇ ಮಡಗಾಂವ್‌ನಿಂದ ತಂದ ಹೊಸ ಜೋಡಿಯ ಎಡಗಾಲಿನದು. ಅವರು ಇನ್ನೂ ನಾಯಿ ಕಚ್ಚಿಕೊಂಡು ಹೋಯಿತು ಅಂತ ಹುಡುಕುತ್ತಿದ್ದಾರೆ.